ಗಡ್ಡಿಯಾಗದ ಉಳ್ಳಾಗಡ್ಡಿ

ನಮ್ಮ ಸೊಸಿ ಭಾಗ್ಯ ಭಾಂಡಿ ತಿಕ್ಕೋದು ಕೆಂಪು ಜಾಳಿಗಿ ಚೀಲದಿಂದ. ಬಜಾರದಾಗ ಉಳ್ಳಾಗಡ್ಡಿ ತುಂಬಿ ಇಟ್ಟಿರ್ತಾರಲ್ಲ, ಆ ಚೀಲ. ಕತ್ತರಿಸಿ, ಮಡಚಿ, ಗಂಟು ಹಾಕಿ, ಜರಾ ಬೂದಿ ಹಚ್ಚಿ ತಿಕ್ಕಿದಳಂದ್ರ ರೊಟ್ಟಿ ಹಂಚಿನ ಹಿಂದಿನ ಮಸಿ ಸೈತ ಬಿಡ್ತದ. ಹಿಂದ ಮಸಿ ಇದ್ರನ ಹಂಚು ಹದವಾಗಿ ಕಾಯ್ತದ ಅಂತ ನಾ ಹೇಳಿದೆ. ಆಕಿ ಕೇಳಲಿಲ್ಲ. ಹೋಗ್ಲಿ. ನಾ ಹಂಚಿನ ಮಾತು ಬರಿಯಾಕ ಕುಂತಿಲ್ಲ, ಚೀಲದ ಮಾತು ಬರಿಯಾಕ ಕುಂತೀನಿ.

ಮನೀಗಿ ಬಂದ ಚೀಲ ಎಲ್ಲಾ ಹಿಂಗ ಕತ್ತರಿಗಿ ಹೋಗ್ಯಾವ, ಒಂದು ಬಿಟ್ಟು. ಆ ಸಣ್ಣ ಚೀಲ ಅಡಿಗಿಮನಿ ಕದದ ಹಿಂದ ಮೊಳಿಗಿ ಜೋತು ಬಿದ್ದದ. ಖಾಲಿ ಅದ. ಗಾಳಿ ಬಂದ್ರ ಅಲ್ಲಾಡ್ತದ. ಬಂದವರು ಕೇಳ್ತಾರ, ಇದನ್ಯಾಕ ಹಿಂಗ ತೂಗ ಹಾಕೀರಿ ಅಂತ. ಭಾಗ್ಯ ನನ್ನ ಮುಖ ನೋಡ್ತಾಳ, ನಾ ಭಾಗ್ಯನ ಮುಖ ನೋಡ್ತೇನಿ. ಬಾಯಿ ಬಿಟ್ಟು ಹೇಳಿದ್ರ ಇಬ್ಬರದೂ ಮರ್ಯಾದಿ ಹೋಗ್ತದ. ಬರದ್ರ ಅಷ್ಟು ಹೋಗಲಿಕ್ಕಿಲ್ಲ, ಯಾಕಂದ್ರ ನನ್ನ ಅಕ್ಷರ ಓದಾಕ ಬರೋರು ಕಡಿಮಿ. ನಡು ಮಧ್ಯಾಹ್ನ ಬಿಸಲಾಗ ಹಚ್ಚಿದ ಸಸಿ ಇದ್ದಂಗ ಅವ ನನ್ನ ಅಕ್ಷರ. ಒಂದು ಈ ಕಡೆ ಬಿದ್ದಿರ್ತದ, ಒಂದು ಆ ಕಡೆ.

ಅಕ್ಷರ ಹಿಂಗಾಗಾಕ ಉಳ್ಳಾಗಡ್ಡಿನ ಕಾರಣ ಅಂದ್ರ ನೀವು ನಂಬಂಗಿಲ್ಲ. ಆಳಂದ ತಾಲೂಕಿನ ಸರಸಂಬಾ ನನ್ನ ತವರು. ಅಲ್ಲಿ ಸಾಲಿಗಿ ಹಾಕಿದ್ರು. ನನಗ ಸಾಲಿ ಅಂದ್ರ ಆಗ್ತಿರಲಿಲ್ಲ. ಬಗಲಾಗ ಉಳ್ಳಾಗಡ್ಡಿ ಇಟ್ಟುಕೊಂಡು ಮಲಗಿದ್ರ ಬೆಳಗಾಗೂದ್ರಾಗ ಜ್ವರ ಬರ್ತಾವ ಅಂತ ಗೆಳತಿ ಒಬ್ಬಾಕಿ ಹೇಳಿಕೊಟ್ಟಳು. ಇಟ್ಟುಕೊಂಡೆ. ಬೆಳಗಾತು, ಜ್ವರ ಬರಲಿಲ್ಲ. ಅವ್ವ ಜಡಿ ಹೆಣದು ದಬ್ಬಿದಳು. ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಂಡ್ರ ಬಂದಾವು ಅಂತ ಹಂಗ ಬಗಲು ಬಿಗಿ ಹಿಡದು ಸಾಲಿಗಿ ಹೋದೆ. ಮಾಸ್ತರು ಏನೋ ಕೇಳಿದ್ರು. ಆ ಒಂದು ದಿನ, ಅದೊಂದು ಉತ್ತರ ನನಗ ಬರ್ತಿತ್ತು. ಜೋರಿಲೆ ಕೈ ಎತ್ತಿದೆ. ಉಳ್ಳಾಗಡ್ಡಿ ಉಳ್ಳಕೋತ ಹೋಗಿ ಮಾಸ್ತರ ಕಾಲಿಗಿ ಮುಟ್ಟಿತು.

ಮಾಸ್ತರು ಬಗ್ಗಿ ತಗೊಂಡ್ರು. ಮೂಸಿ ನೋಡಿದ್ರು. "ಊಟಕ್ಕ ತಂದೀಯೇನವ್ವ?" ಅಂದ್ರು. "ರೊಟ್ಟಿ ಯಾವ ಬಗಲಾಗ ಅದ?"

ಅವತ್ತಿನಿಂದ ಸಾಲ್ಯಾಗ ನನ್ನ ಹೆಸರು ಬಗಲಗಡ್ಡಿ ಆತು. ಆ ಹೆಸರಿಗಿ ಅಂಜಿ ನಾ ಸಾಲಿ ಬಿಟ್ಟೆ, ಎಮ್ಮಿ ಹಿಂದ ಹೋದೆ, ಹೆಸರು ನನ್ನ ಹಿಂದ ಬಂತು. ಈಗೂ ಸರಸಂಬಾಕ್ಕ ಹೋದ್ರ ಹಲ್ಲು ಬಿದ್ದ ಮುದುಕ ಒಬ್ಬಾವ ಕಟ್ಟಿ ಮ್ಯಾಲಿಂದ, "ಬಗಲಗಡ್ಡಿ ಬಂತು ನೋಡ್ರೆಪಾ" ಅಂತಾನ. ಅವನ ಹೆಸರು ನನಗ ಮರ್ತದ. ನನ್ನ ಹೆಸರು ಅವನಿಗಿ ಮರ್ತಿಲ್ಲ.

ಉಳ್ಳಾಗಡ್ಡಿ ಹಚ್ಚೋದು ನಮ್ಮವ್ವ ಕಲಿಸಿದ್ದು. ಆಕಿ ಮಾತಾಡ್ತಿದ್ದಿದ್ದು ಕಡಿಮಿ, ಕೈಲೆ ಹೊಡಿತಿದ್ದಿದ್ದು ಜಾಸ್ತಿ. ಸಸಿ ಆಳಕ್ಕ ಒತ್ತಿದ್ರ ಬೆರಳ ಮ್ಯಾಲ ಕಳೆ ಕೀಳೋ ಖುರಪಿ ಹಿಡಿ ಬೀಳ್ತಿತ್ತು. "ಹೂಳಾಕತ್ತೀಯೋ ಹಚ್ಚಾಕತ್ತೀಯೋ? ಗಡ್ಡಿ ಹೆಗಲು ಮ್ಯಾಲ ಕಾಣಬೇಕು" ಅಂತಿದ್ಳು. ಹೆಗಲು ಮ್ಯಾಲಿದ್ರ ಗಡ್ಡಿ ಅಗಲಾಗ್ತದ. ಆಳಕ್ಕ ಹೋದ್ರ ಅದು ಬರೇ ಕುತ್ತಿಗಿ ಬೆಳಸ್ತದ, ಹೊಟ್ಟಿ ಬೆಳಸಂಗಿಲ್ಲ. ಇಷ್ಟು ಕಲ್ತೆ. ಇದರ ಮುಂದ ನನಗ ಬ್ಯಾರೆ ವಿದ್ಯಾ ಬಂದಿಲ್ಲ.

ಹೊಲದಾಗ ಉಣ್ಣುವಾಗ ಅವ್ವ ಉಳ್ಳಾಗಡ್ಡಿ ಹೆಚ್ಚತಿರಲಿಲ್ಲ. ಒಂದು ಚಪ್ಪಟಿ ಕಲ್ಲಿನ ಮ್ಯಾಲಿಟ್ಟು ಮುಷ್ಟಿಲೆ ಒಂದ ಏಟು ಗುದ್ದತಿದ್ಳು. ಅದು ಅರಳಿ ಕುಂಡ್ರತಿತ್ತು. ಆಕಿ ಮುಷ್ಟಿ ಎತ್ತಿದಾಗ ನಮ್ಮಪ್ಪ ಜರಾ ಸರದು ಕೂಡ್ತಿದ್ದ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುದ್ದಿದ ಉಳ್ಳಾಗಡ್ಡಿ. ಈಗ ಭಾಗ್ಯ ಅದನ್ನ ತೆಳ್ಳಗ ಚಕ್ರದಂಗ ಕೊಯ್ದು, ಲಿಂಬಿಹಣ್ಣು ಹಿಂಡಿ, ತಾಟಿನ ಸುತ್ತ ಜೋಡಿಸ್ತಾಳ. ಬಳಿ ಅಂಗಡಿ ಇಟ್ಟಂಗ ಕಾಣ್ತದ. ತಿಂದ್ರ ಅದೇ ಉಳ್ಳಾಗಡ್ಡಿ.

ನನ್ನ ಮದಿವಿನೂ ಉಳ್ಳಾಗಡ್ಡಿ ಬಿಟ್ಟು ಆಗಿಲ್ಲ. ನಮ್ಮ ಕಡೆ ಬ್ಯಾಸಿಗ್ಯಾಗ ದಾರಿ ನಡಿಯೋರು ಬಿಸಲು ಬಡೀಬಾರದಂತ ಕಿಸೆದಾಗ ಒಂದು ಉಳ್ಳಾಗಡ್ಡಿ ಇಟ್ಟುಕೋತಾರ. ಜೇವರ್ಗಿ ತಾಲೂಕಿನ ನೆಲೋಗಿಯಿಂದ ಹೆಣ್ಣು ನೋಡಾಕ ಬಂದ ಹುಡುಗನ ಕಿಸೆದಾಗೂ ಒಂದಿತ್ತು. ನಮ್ಮ ಮುದಿ ಆಯಿ ಕಾಲಿಗಿ ಬೀಳಾಕ ಬಗ್ಗಿದಾಗ ಅದು ಅಂಗಿಯೊಳಗಿಂದ ಜಾರಿ ಬಿತ್ತು, ಉಳ್ಳಕೋತ ಬಂದು ನಾ ನಿಂತ ಕದದ ಹಂತ್ಯಾಕ ನಿಂತಿತು. ಎಲ್ಲಾರೂ ನಕ್ರು. ನಾ ನಗಲಿಲ್ಲ. ನನ್ನದು ಬಗಲಾಗಿಂದ ಬಿದ್ದಿತ್ತು, ಇವನದು ಕಿಸೆದಾಗಿಂದ ಬಿತ್ತು. ಜೋಡಿ ಬರೋಬರಿ ಅದ ಅಂತ ಅನಸ್ತು. ಆ ಮನಷ್ಯಾ ತೀರಿಕೊಂಡು ಭಾಳ ವರ್ಷ ಆತು. ಚಲೋ ಇದ್ದ. ಗೊರಕಿ ಹೊಡೀತಿದ್ದ.

ನೆಲೋಗಿಗಿ ಬಂದ ಹೊಸದಾಗಿ ನಾ ಹಿತ್ತಲದಾಗ ಕುಂತು ಅಳ್ತಿದ್ದೆ. ತವರು ನೆನಪಾಗಿ ಅಂತ ತಿಳಕೋಬ್ಯಾಡ್ರಿ, ಒಲಿ ಹೊಗಿಗಿ. ಆದ್ರ ನಮ್ಮತ್ತಿ, ಅಂದ್ರ ನನ್ನ ಗಂಡನ ತಾಯಿ, ತವರಿಗೇ ಅಳಾಕತ್ತಾಳ ಅಂತ ತಿಳಕೊಂಡಳು. ಕೈಯಾಗ ಖುರಪಿ ಕೊಟ್ಟು, "ಕುಂತು ಅಳೂಕಿಂತ ಇಲ್ಲಿ ಏನರ ಹಚ್ಚು" ಅಂದಳು. ಹಿಂದಿನ ಗೇಟಿನ ಮುಂದ, ಎರಡು ಹೊರಸು ಹಾಸುವಷ್ಟು ಜಾಗ. ಎರಿ ಮಣ್ಣು. ಮಳಿ ಬಂದ್ರ ಕಾಲಿಗಿ ಹತ್ತಿ ಬಿಡಂಗಿಲ್ಲ, ಬಿಸಲು ಬಿದ್ರ ಕೈ ಹೋಗುವಷ್ಟು ಬಿರುಕು ಬಿಡ್ತದ. ಅದಕ್ಕ ಆಡಿನ ಹಿಕ್ಕಿ, ಒಲಿ ಬೂದಿ ಸುರುವಿ ಸುರುವಿ ಮೆತ್ತಗ ಮಾಡ್ದೆ. ಬಚ್ಚಲ ನೀರು ತಿರುವಿದೆ. ತವರಿಂದ ಸೆರಗಿನ್ಯಾಗ ಕಟಗೊಂಡು ಬಂದ ಬೀಜ ಹಾಕಿದೆ. ದಸರಾಕ್ಕಿಂತ ತಿಂಗಳು ಮೊದಲು ಬೀಜ, ದೀಪಾವಳಿಗಿ ಸಸಿ ಕಿತ್ತು ಸಾಲಾಗಿ ಹಚ್ಚೋದು, ಯುಗಾದಿ ಹೊತ್ತಿಗಿ ಕುತ್ತಿಗಿ ಮುರದು ಮಲಗ್ತಾವ, ಅವಾಗ ನೀರು ಬಿಟ್ಟು ಕೀಳೋದು. ಹೇಳಾಕ ಇಷ್ಟ ಸರಳ.

ನಡುವ ಎಳ್ಳ ಅಮಾಸಿ ಬರ್ತದ.

ಬ್ಯಾರೆ ಊರವರಿಗಿ ಗೊತ್ತಿರಲಿಕ್ಕಿಲ್ಲ. ನಮ್ಮ ಕಲಬುರ್ಗಿ ಸೀಮ್ಯಾಗ ಎಳ್ಳ ಅಮಾಸಿ ಅಂದ್ರ ಊರು ಖಾಲಿ ಆಗ್ತದ. ಎಲ್ಲಾರೂ ಬುಟ್ಟಿ ಹೊತ್ತುಕೊಂಡು ಹೊಲಕ್ಕ ಹೋಗಿ, ಬೆಳಿಯೊಳಗ ಅನ್ನ ಭಜ್ಜಿ ಚೆಲ್ತೇವಿ, ಚರಗ ಅಂತೇವಿ ಅದಕ್ಕ. ಆಮ್ಯಾಲ ಹೊಟ್ಟಿ ಬಿರಿಯಂಗ ಉಣ್ತೇವಿ. ಈ ಭಜ್ಜಿ ಅಂದ್ರ ಹೋಟೆಲದಾಗ ಎಣ್ಣ್ಯಾಗ ಕರಿಯೋದಲ್ಲ. ಹಸಿ ಕಡ್ಲಿ, ಅವರಿಕಾಳು, ತೊಗರಿಕಾಳು, ಮೆಂತೆ, ಗಜ್ಜರಿ, ಸಿಕ್ಕಿದ್ದೆಲ್ಲಾ ಒಂದು ಗಡಿಗ್ಯಾಗ ಹಾಕಿ ಕುದಿಸಿ ತಿರುವೋದು. ಅದಕ್ಕ ಹಸಿ ಉಳ್ಳಾಗಡ್ಡಿ ತಪ್ಲ ಬೀಳಲಿಲ್ಲಂದ್ರ ಅದು ಭಜ್ಜಿ ಅಲ್ಲ, ದವಾಖಾನಿ ಪಥ್ಯ.

ನನ್ನ ಮೊದಲನೇ ವರ್ಷದ ಎಳ್ಳ ಅಮಾಸಿ ಹಿಂದಿನ ದಿನ ಓಣಿ ಹೆಣ್ಣುಮಕ್ಕಳು ಬುಟ್ಟಿ ಹಿಡಕೊಂಡು ಸೀದಾ ಹಿತ್ತಲಕ್ಕ ಬಂದ್ರು. ಕೇಳಲಿಲ್ಲ, ಹೇಳಲಿಲ್ಲ. ಒಬ್ಬಾಕಿ ಬಗ್ಗಿ ನನ್ನ ಉಳ್ಳಾಗಡ್ಡಿ ಮಡಿಗಿ ಕೈ ಹಾಕಿದಳು. ನಾ ಹೋಗಿ ಮಡಿ ಮ್ಯಾಲನ ಕುಂತುಬಿಟ್ಟೆ. ಹೊಸ ಸೊಸಿ, ಹಸರು ಸೀರಿ, ಸಸಿ ನಡುವ. ನಮ್ಮತ್ತಿ ಬಂದು ರಟ್ಟಿ ಹಿಡದು ಎಬ್ಬಿಸಿದಳು.

"ಭೂಮಿ ಈಗ ಬಸಿರಿ ಅದಾಳ ಬೇ" ಅಂದಳು. "ಬಸಿರಿ ಬಯಕಿ ಊಟ ಒಂದ ಮನಿದು ಮಾಡಬಾರದು. ನೆರಿಮನಿದು ಒಂದು ತಪ್ಲರ ಗಡಿಗ್ಯಾಗ ಬೀಳಬೇಕು. ಕೇಳಾಕ ಬಂದಾಕಿಗಿ ಇಲ್ಲ ಅನ್ನಂಗಿಲ್ಲ, ಇದು ನಮ್ಮ ಓಣಿ ರಿವಾಜು. ಮ್ಯಾಲೇಳು, ನಿನ್ನ ಸೀರಿ ಕೆಳಗ ನಾಕು ಸಸಿ ಸತ್ತಾವ."

ಎದ್ದೆ. ಅವತ್ತಿನಿಂದ ಇವತ್ತಿನ ತನಕ ಪ್ರತಿ ವರ್ಷ ಅದೇ ಕತಿ. ನಾ ಹೆಗಲು ಮ್ಯಾಲ ಕಾಣಂಗ ಹಚ್ತೇನಿ, ಗಡ್ಡಿ ಕಟ್ಟೋ ಹೊತ್ತಿಗಿ ಓಣಿ ಬಂದು ತಪ್ಲ ಕಿತಗೊಂಡು ಹೋಗ್ತದ. ತಪ್ಲ ಹೋದ ಗಡ್ಡಿ ಉಪಾಸ ಬಿದ್ದಂಗ. ಯುಗಾದಿಗಿ ಕಿತ್ತರ ಒಂದು ಗೋಲಿ ಇದ್ದಂಗ, ಇನ್ನೊಂದು ಲಿಂಬಿಕಾಯಿ ಇದ್ದಂಗ. ಮುಂದಿನ ವರ್ಷ ದಪ್ಪ ಆಗ್ತಾವ ಅಂತ ಮತ್ತ ಹಚ್ತೇನಿ. ಒಮ್ಮೆನೂ ಆಗಿಲ್ಲ. ಮಂದಿ ನನಗ ಶ್ಯಾಣ್ಯಾಕಿ ಅಂತಾರ.

ಈಗ ಚೀಲಕ್ಕ ಬರ್ತೇನಿ.

ನನ್ನ ಮಗ ಸಿದ್ದು ಟಂಟಂ ನಡಸ್ತಾನ, ನೆಲೋಗಿಯಿಂದ ಜೇವರ್ಗಿಗಿ ಮಂದಿ ಒಯ್ಯೋ ಮೂರು ಗಾಲಿ ಗಾಡಿ. ಅದನ್ನ ಹೊರಗ ಬೇವಿನ ಗಿಡದ ಕೆಳಗ ನಿಂದರಸ್ತಿದ್ದ. ಹೋದ ವರ್ಷ ಯಾರೋ ಬ್ಯಾಟರಿ ಬಿಚ್ಚಿಕೊಂಡು ಹೋದ್ರು. ಅವತ್ತಿನಿಂದ ಗಂಡ ಹೆಂಡ್ತಿ ಇಬ್ಬರಿಗೂ ಒಂದೇ ಧ್ಯಾನ. ಹಿಂದಿನ ಗೇಟು ಅಗಲ ಅದ, ಹಿತ್ತಲಕ್ಕ ಫರಸಿ ಕಲ್ಲು ಹಾಸಿದ್ರ ಟಂಟಂ ಒಳಗ ಬರ್ತದ, ಎರಿ ಮಣ್ಣಿನ ರಾಡಿನೂ ತಪ್ಪತದ. ಶಹಾಬಾದ ಕಡೆ ಕಲ್ಲು, ಊರ ತುಂಬ ಎಲ್ಲಾರೂ ಹಾಸ್ಯಾರ. ನಡುವ ಬರೋದು ನನ್ನ ಮಡಿ ಒಂದ.

ಭಾಗ್ಯ ಅಫಜಲಪುರ ಕಡೆಯಾಕಿ. ಭೀಮಾ ಹೊಳಿ ನೀರು ಕುಡದು ಬೆಳದಾಳ. ಸೀದಾ ಜಗಳಾಡಾಕಿ ಅಲ್ಲ. ದೀಪಾವಳಿ ಪಾಡ್ಯದ ಮರುದಿನ ನಾ ಸಸಿ ಹಚ್ಚಾಕತ್ತಿದ್ದೆ, ಆಕಿ ಬಂದು ಸೆರಗು ಸಿಗಿಸಿ ಬಾಜೂಕ ಕುಂತಳು.

"ಅತ್ತೀ, ಈ ಮಡಿ ವರ್ಷಕ್ಕ ಎಷ್ಟು ಉಳ್ಳಾಗಡ್ಡಿ ಕೊಡ್ತದ್ರಿ?"

"ಕೊಡ್ತದ."

"ಎಷ್ಟ್ರಿ?"

"ನೀ ಲೆಕ್ಕ ಕೇಳಾಕ ಬಂದೀಯೋ, ಸಸಿ ಕೊಡಾಕ ಬಂದೀಯೋ?"

ಸಸಿ ಕೊಟ್ಟಳು. ಕೊಟ್ಟು, "ನಮ್ಮ ತವರಾಗ ಉಳ್ಳಾಗಡ್ಡಿ ಟ್ರ್ಯಾಕ್ಟರ್ ತುಂಬಿ ಹೋಗ್ತಾವ್ರಿ" ಅಂದಳು.

"ನಿಮ್ಮಪ್ಪನ ಹೊಲಕ್ಕ ಭೀಮಾ ಹೊಳಿ ಬರ್ತದ. ನನ್ನ ಮಡಿಗಿ ನಿನ್ನ ಗಂಡ ಜಳಕ ಮಾಡಿದ ನೀರು ಬರ್ತದ. ಅವ ಜಳಕ ಮಾಡೋದೂ ದಿನಾ ಅಲ್ಲ."

ಸಿದ್ದು ಅಲ್ಲೇ ಗೇಟಿನ್ಯಾಗ ನಿಂತಿದ್ದ. ಈ ಕಡೆ ನೋಡಿದ, ಆ ಕಡೆ ನೋಡಿದ. ರಸ್ತಾದ ಮ್ಯಾಲ ಅವನಿಗಿ ಅದು ಚಲೋ ಚಟ, ಮನ್ಯಾಗ ಅದರಿಂದ ಏನೂ ಉಪಯೋಗ ಇಲ್ಲ.

ಭಾಗ್ಯ ಒಳಗ ಹೋಗಿ ಈ ಕೆಂಪು ಚೀಲ ತಂದಳು. "ಅತ್ತೀ, ನಾ ಸಣ್ಣ ಚೀಲನ ತಂದೀನಿ. ಯುಗಾದಿಗಿ ನಿಮ್ಮ ಮಡಿ ಇದನ್ನ ಒಂದು ತುಂಬಿಸಲಿ, ಫರಸಿ ಮಾತು ನಾ ಮತ್ತ ಎತ್ತಂಗಿಲ್ಲ. ತುಂಬಲಿಲ್ಲಂದ್ರ ನೀವು ಎತ್ತಬಾರದು."

ನಾ ಹ್ಞೂಂ ಅಂದೆ. ಯಾಕಂದೆ ಅಂತ ಕೇಳಬ್ಯಾಡ್ರಿ. ಆ ಮಡಿ ನಾ ನೆಲೋಗಿಗಿ ಬಂದಾಗಿಂದ ನನ್ನದು. ಮನಿ ಗಂಡಂದು, ಆಮ್ಯಾಲ ಮಗಂದು. ಹೊಲ ಅಂತೂ ಅವರ ಹೆಸರಿಲೆನ ಅದ. ಎರಡು ಹೊರಸಿನ ಜಾಗ ಒಂದು ನನ್ನ ಮಾತು ಕೇಳ್ತಿತ್ತು. ಅದೂ ಪೂರಾ ಕೇಳ್ತಿರಲಿಲ್ಲ.

ಮನಸಿನ್ಯಾಗ ಇನ್ನೊಂದು ಲೆಕ್ಕನೂ ಇತ್ತು. ಭಾಗ್ಯ ಮದಿವಿಯಾದ ವರ್ಷ ಎಳ್ಳ ಅಮಾಸಿಗಿ ತವರಿಗಿ ಹೋಗಿದ್ದಳು. ನಮ್ಮ ಓಣಿ ರಿವಾಜು ಆಕಿಗಿ ಗೊತ್ತಿರಲಿಲ್ಲ. ಈ ಸಲ ಹೆಂಗರ ಮಾಡಿ ತಪ್ಲ ಉಳಿಸಿದ್ರ ಚೀಲ ತುಂಬತದ. ಇಷ್ಟು ವರ್ಷ ಕೊಟ್ಟೀನಿ, ಒಂದು ವರ್ಷ ಕೊಡಲಿಲ್ಲಂದ್ರ ಭೂಮಿ ಏನು ಬಸಿರು ಇಳಿಸಿಕೊಳ್ಳಂಗಿಲ್ಲ.

ಬೆಳಿ ಆ ವರ್ಷ ಚಲೋ ಬಂತು. ನಾ ಸಿದ್ದುಗ ದಿನಾ ಜಳಕ ಮಾಡಿಸಿದೆ. "ಯವ್ವ, ಥಂಡಿ ಅದ" ಅಂತಿದ್ದ. "ಹೋಗು, ಪ್ಯಾಸೆಂಜರ್ ಮೂಗು ಮುಚ್ಚಿಕೋತಾರ" ಅಂತ ಕಳಸ್ತಿದ್ದೆ. ತಪ್ಲ ಮೊಣಕಾಲು ಮಟ ಬೆಳದು ಕರ್ರಗ ಮಿಂಚಾಕತ್ತಿತು. ಗಡ್ಡಿ ಹೆಗಲು ಮಣ್ಣಿನ ಮ್ಯಾಲ ಎದ್ದು ಕಾಣಾಕತ್ತಿತು. ನಾ ದಿನಾ ಹೋಗಿ ಒಂದೊಂದರ ಹೆಗಲು ಮುಟ್ಟಿ ಬರ್ತಿದ್ದೆ. ಭಾಗ್ಯ ಅಡಿಗಿಮನಿ ಕಿಡಕ್ಯಾಗಿಂದ ನೋಡ್ತಿದ್ದಳು. ಆಕಿ ಮುಖ ಸಣ್ಣಾಗಿದ್ದು ನೋಡಿ ನನಗ ಊಟ ಎರಡು ತುತ್ತು ಜಾಸ್ತಿ ಹೋಗ್ತಿತ್ತು.

ಎಳ್ಳ ಅಮಾಸಿ ಹಿಂದಿನ ದಿನ ನಸಕಿನ್ಯಾಗ ಎದ್ದು ಹೊಲದಿಂದ ತಂದು ಒಟ್ಟಿದ ತೊಗರಿ ಕಟಗಿ ಮಡಿ ಮ್ಯಾಲ ಹರವಿದೆ. ಸಸಿ ಬಾಗಬಾರದಂತ ನಡುವ ಇಟ್ಟಂಗಿ ಪೇರಿಸಿ ಅದರ ಮ್ಯಾಲ ಹರವಿದೆ. ದೂರ ನಿಂತು ನೋಡಿದ್ರ ಕಟಗಿ ಬಣವಿ. ಹಿಂದಿನ ಗೇಟಿಗಿ ಕೀಲಿ ಹಾಕಿದೆ. ಮೊಣಕಾಲು ನೋವು ಅಂತ ಹೇಳಿ ಪಡಸಾಲ್ಯಾಗ ಕೌದಿ ಹೊಚ್ಚಿಕೊಂಡು ಮಲಗಿದೆ. ಬಂದವರಿಗಿ, ಈ ಸಲ ಹುಳ ಬಿದ್ದು ಹೋದ್ವು ಅಂತ ಹೇಳೋದು ಅಂತ ತಯಾರ ಮಾಡಿಕೊಂಡಿದ್ದೆ.

ಮೊದಲು ಬಂದಾಕಿ ಮಗ್ಗಲ ಮನಿ ಖಾಜಾಬಿ. ಅವರದೂ ಹೊಲ ಅದ, ಅವರೂ ಚರಗ ಚೆಲ್ತಾರ. ಆಕಿ ಹೆಜ್ಜಿ ಸಪ್ಪಳ ಕೇಳಿ ನಾ ನರಳಾಕ ಸುರು ಮಾಡಬೇಕು, ಅಷ್ಟರಾಗ ಬಾಗಲದಾಗ ಭಾಗ್ಯನ ದನಿ.

"ಬರ್ರಿ ಕಾಕಿ, ತಪ್ಲಕ್ಕ ಬಂದೀರೇನ್ರಿ? ನಮ್ಮತ್ತಿ ಈ ಸಲ ಭಾಳ ಬೆಳಸ್ಯಾರ. ಬುಟ್ಟಿ ದೊಡ್ಡದು ತರಬೇಕಿತ್ತು."

ನಾ ಕೌದ್ಯಾಗ ಕಣ್ಣು ಬಿಟ್ಟೆ. ಯಾರೋ ಹೇಳಿಬಿಟ್ಟಾರ ಆಕಿಗಿ. ಯಾರು ಅಂತ ಈಗೂ ಹೇಳವಲ್ಲಳು.

ಖಾಜಾಬಿ ಹಿತ್ತಲಕ್ಕ ಹೋದಳು, ನಾ ಹಿಂದ ಓಡಿದೆ. ಮೊಣಕಾಲು ನೋವು ಹೋಗಿತ್ತು. ಆಕಿ ಕಟಗಿ ಮುಂದ ನಿಂತು ಮೂಗು ಎತ್ತಿ ಗಾಳಿ ಹಿಡದಳು.

"ಏನ್ ಬೇ ಇದು, ನಿಮ್ಮ ತೊಗರಿ ಕಟಗಿ ಉಳ್ಳಾಗಡ್ಡಿ ವಾಸನಿ ಹೊಡ್ಯಾಕತ್ತಾವ?"

"ತೊಗರಿ ಜಾತಿ ಬ್ಯಾರೆ ಅದು" ಅಂದೆ.

"ಹೌದಾ? ನನಗೂ ಒಂದು ಹಿಡಿ ಬೀಜ ಕೊಡು ಮತ್ತ" ಅಂತ ಹೇಳಿ ಕಟಗಿ ಎತ್ತಿ ಒಗದಳು.

ಆಮ್ಯಾಲ ತಡಿಯಾಕ ಆಗಲಿಲ್ಲ. ಭಾಗ್ಯ ಬಾಗಲದಾಗ ನಿಂತು ಮದಿವಿ ಮನಿ ಯಜಮಾನಿ ಗತೆ ಕರ್ಯಾಕತ್ತಳು. ಬರ್ರಿ ಎಕ್ಕಾ, ಒಯ್ರಿ ಚಿಗವ್ವ. ಎಂದೂ ಬರದಿದ್ದ ಕೆಳಗಿನ ಓಣಿಯವರೂ ಬಂದ್ರು. ಇಲ್ಲ ಅನ್ನಾಕ ನನ್ನ ಬಾಯಿ ಏಳವಲ್ಲದು. ಅತ್ತಿ ಸತ್ತು ಎಷ್ಟೋ ವರ್ಷ ಆಗ್ಯಾವ, ಆದ್ರ ಆಕಿ ಕೈ ನನ್ನ ರಟ್ಟಿ ಮ್ಯಾಲ ಹಂಗ ಇತ್ತು.

ಕಡಿಗಿ ಒಂದು ಉಪಾಯ ಮಾಡ್ದೆ. ಒಳಗಿಂದ ಕತ್ತರಿ ತಂದೆ. "ಯಾರೂ ಕೈ ಹಾಕಬ್ಯಾಡ್ರಿ, ನಾನ ಕೊಡ್ತೇನಿ" ಅಂತ ಹೇಳಿ ಒಂದೊಂದು ಸಸಿದು ಒಂದೊಂದು ಎಸಳು ಕತ್ತರಿಸಾಕ ಕುಂತೆ. ಗಡ್ಡಿಗಿ ಸ್ವಲ್ಪರ ಉಸಿರು ಉಳೀಲಿ ಅಂತ.

"ಏನ್ ಬೇ, ಕೂಸಿನ ಜಾವಳ ತೆಗ್ಯಾಕತ್ತೀಯೇನ?" ಅಂದಳು ಖಾಜಾಬಿ. "ಹೋಳಿಗಿ ಊಟ ಎಂದ ಅದ?"

ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ರು. ನನ್ನ ಕೈ ಸಡಲಾತು. ಒಂದು ಎಸಳು ಎರಡಾತು, ಎರಡು ಹೋಗಿ ಹಿಡಿ ಆತು. ಸಂಜೀಕ ಮಡಿ ನೋಡಿದ್ರ, ಮನಿಯಾಗ ಹಿರೇರು ತೀರಿಕೊಂಡಾಗ ತಲಿ ಬೋಳಿಸಿದ ಗಂಡಸರು ಸಾಲಾಗಿ ಕುಂತಂಗ ಕಾಣ್ತಿತ್ತು.

ಒಂದು ಮಾತು ಹೇಳಬೇಕು. ಕಡಿಗಿ ಬಂದಾಕಿ ಒಬ್ಬಾಕಿ ಭಾಗ್ಯನ ಗದ್ದ ಹಿಡದು, "ಅತ್ತಿಗಿಂತ ಸೊಸಿ ಕೈ ದೊಡ್ಡದು ಬೇ" ಅಂದಳು. ಭಾಗ್ಯ ಇದ್ದಕ್ಕಿದ್ದಂಗ ಕೆಂಪಾದಳು. ನೆಲೋಗಿಗಿ ಬಂದ ಮ್ಯಾಲ ಓಣಿಯವರು ಆಕಿಗಿ ಹಂಗ ಮುಟ್ಟಿ ಮಾತಾಡಿಸಿದ್ದು ಅದೇ ಮೊದಲು. ಅಲ್ಲೀ ತನಕ ಆಕಿ ಎಲ್ಲಾರಿಗೂ ಸಿದ್ದುನ ಹೆಂಡ್ತಿ, ಅಫಜಲಪುರದಾಕಿ. ಆ ಖುಷಿದಾಗ ಬಾಯಿ ಜಾರಿ, "ಮುಂದಿನ ವರ್ಷನೂ ಇಲ್ಲೇ ಬರ್ರಿ, ಎಲ್ಲಿಗೂ ಹೋಗಬ್ಯಾಡ್ರಿ" ಅಂದುಬಿಟ್ಟಳು. ಕತ್ತರಿ ಒರಸುಕೋತ ನಾ ಅದನ್ನ ಕೇಳಿಸಿಕೊಂಡೆ.

ಯುಗಾದಿ ಬಂತು. ಕಿತ್ತೆ. ಏನು ಬರಿಯಾಲಿ? ಗೋಲಿ, ಲಿಂಬಿಕಾಯಿ, ನಡುವ ಒಂದೆರಡು ಪ್ಯಾರಲಹಣ್ಣು. ಒಣಗಿಸಿ ಚೀಲಕ್ಕ ಹಾಕಿದ್ರ ಅರ್ಧಕ್ಕೂ ಬರಲಿಲ್ಲ. ಜಾಡಿಸಿದೆ. ಇನ್ನೂ ಕೆಳಗ ಇಳದ್ವು. ಆಮ್ಯಾಲ ಒಣಗಿದ ತಪ್ಲ, ಸಿಪ್ಪಿ ಎಲ್ಲಾ ನಡುವ ತುರುಕಿ, ಮ್ಯಾಲ ದಪ್ಪನ್ನವು ಇಟ್ಟು, ಬಾಯಿ ಕಟ್ಟಿ ಭಾಗ್ಯನ ಮುಂದ ಇಟ್ಟೆ.

ಆಕಿ ಎತ್ತಲಿಲ್ಲ. ಒಂದು ಬೆರಳಿಲೆ ಒತ್ತಿ ನೋಡಿದಳು.

"ಅತ್ತೀ, ಇದು ಉಳ್ಳಾಗಡ್ಡಿ ಚೀಲೋ, ತಲಿದಿಂಬೋ?"

"ಸೋತೀನಿ" ಅಂದೆ. "ಫರಸಿ ತರಸು."

ಸಿದ್ದು ದೋಸ್ತನ ಗಾಡ್ಯಾಗ ಫರಸಿ ತಂದು ಹಿತ್ತಲ ಗ್ವಾಡಿಗಿ ಒಟ್ಟಿದ. ನಾ ಮಡಿ ಕಡೆ ನೋಡೋದು ಬಿಟ್ಟೆ. ಖುರಪಿ ತೊಳದು ಸಂದೂಕಿನ ಹಿಂದ ಒಗದೆ.

ಹಾಸಾಕ ಗೌಂಡಿ ಬಂದ. ಭಾಗ್ಯ, "ಇವತ್ತು ಸೋಮವಾರ, ನಮ್ಮಲ್ಲಿ ನೆಲ ಅಗಿಯಂಗಿಲ್ಲ" ಅಂತ ಚಾ ಕುಡಿಸಿ ಕಳಿಸಿದಳು. ಇನ್ನೊಂದು ಸಲ ಬಂದ. ಅಮಾಸಿ ಹಂತ್ಯಾಕ ಬಂದದ ಅಂದಳು. ಮತ್ತ ಬಂದ. ಆ ದಿನ ಸೋಮವಾರನೂ ಅಲ್ಲ, ಅಮಾಸಿನೂ ಅಲ್ಲ. ತಲಿ ನೋಯಾಕತ್ತದ ಅಂದಳು. ಯಾರ ತಲಿ ಅಂತ ಗೌಂಡಿ ಕೇಳಿದ. ನನ್ನ ಕಡೆ ಬೆರಳು ಮಾಡಿದಳು. ಆಮ್ಯಾಲ ಅವ ಬರೋದು ಬಿಟ್ಟ. ಮಳಿ ಬಿದ್ದು ಫರಸಿ ನಡುವ ಹುಲ್ಲು ಎದ್ದಿತು.

ಒಂದು ದಿನ ಆಕಿ ರೊಟ್ಟಿ ಬಡಿಯಾಕತ್ತಾಗ ಕೇಳಿದೆ. "ಗೆದ್ದೀಯಲ್ಲ, ಹಾಸವಲ್ಲಿ ಯಾಕ?"

"ಹಾಸೋಣಂತ್ರಿ."

"ಎಂದ?"

ಬಡಿಯೋದು ನಿಂದರಿಸಿದಳು. "ಖಾಜಾಬಿ ಕಾಕಿ ಕೇಳಾಕತ್ತಿದ್ರು. ಈ ಸಲ ಬಾಜೂಕ ಜರಾ ಮೆಂತೆನೂ ಹಾಕು ಭಾಗ್ಯ ಅಂತ."

"ನೀ ಏನಂದಿ?"

"ಹ್ಞೂಂ ಅಂದೀನ್ರಿ."

"ಎಲ್ಲಿ ಹಾಕ್ತಿ, ಟಂಟಂ ಮ್ಯಾಲೇನು?"

ಆಕಿ ಮತ್ತ ಹಿಟ್ಟಿಗಿ ಕೈ ಹಾಕಿದಳು. ನಾ ಬಿಡಲಿಲ್ಲ. "ಇಲ್ಲ, ಜಾಗ ಇಲ್ಲ ಅನ್ನಬೇಕಿತ್ತು."

ಆಕಿ ಹಿಟ್ಟಿನ ಕೈಲೆ ಮುಂಗೂದಲು ಸರಿಸಿ ನನ್ನ ನೋಡಿದಳು. "ನೀವು ಇಷ್ಟು ವರ್ಷ ಯಾಕ ಅನ್ನಲಿಲ್ರಿ?"

"ಹಂಚಿನ ಮ್ಯಾಲ ರೊಟ್ಟಿ ಸುಡಾಕತ್ತದ ನೋಡು" ಅಂದೆ. ಹಂಚಿನ ಮ್ಯಾಲ ರೊಟ್ಟಿನ ಇರಲಿಲ್ಲ.

ಖಾಲಿಯಾದ ಚೀಲ ಕತ್ತರಿಗಿ ಹೋಗದ ಮೊಳಿಗಿ ಬಿತ್ತು, ಫರಸಿ ಹಂಗ ಉಳದ್ವು. ಒಂದರ ಮ್ಯಾಲ ಈಗ ಅರಿಬಿ ಒಗೀತೇವಿ. ಉಳದವು ಒಟ್ಟಿದಂಗ ಅವ, ನನಗ ಕುಂಡ್ರಾಕ ಒಂದು ಕಟ್ಟಿ ಆಗ್ಯದ. ಟಂಟಂ ಬೇವಿನ ಗಿಡದ ಕೆಳಗ ನಿಂದರ್ತದ. ಸಿದ್ದು ದಿನಾ ಸಂಜೀಕ ಬ್ಯಾಟರಿ ಬಿಚ್ಚಿ ಎದಿಗಿ ಅವಚಿಕೊಂಡು ಮನಿಯೊಳಗ ತರ್ತಾನ, ಕೂಸಿನ ಗತೆ. ಹೊರಸಿನ ಬಾಜೂಕ ಮಲಗಸ್ತಾನ. ಜಳಕ ಮತ್ತ ಬಿಟ್ಟಾನ.

ಈ ಸಲ ದೀಪಾವಳಿ ಆದ ಮ್ಯಾಲ ಭಾಗ್ಯ ಸಂದೂಕಿನ ಹಿಂದಿಂದ ಖುರಪಿ ಹುಡಕಿ ತಂದಳು. "ಅತ್ತೀ, ನಿಮ್ಮ ಮೊಣಕಾಲು ನೋವು. ನಾ ಹಚ್ತೇನಿ, ನೀವು ನೋಡ್ರಿ" ಅಂದಳು. ಮೊಣಕಾಲಿನ ಮಾತು ಹೇಳುವಾಗ ಜರಾ ನಕ್ಕಳು. ನಾ ಫರಸಿ ಮ್ಯಾಲ ಕುಂತೆ.

ಹಚ್ಚಾಕ ಸುರು ಮಾಡಿದಳು. ಸಸಿ ಹಿಡದಳು, ಬೆರಳು ಇಳಿಸಿದಳು, ಕುತ್ತಿಗಿ ಮಟ ಒತ್ತಿ ಮಣ್ಣು ಮುಚ್ಚಿದಳು. ಕಬ್ಬಿನ ತುಣುಕು ಹೂಳಿದಂಗ. ಅವರ ಊರಾಗ ಉಳ್ಳಾಗಡ್ಡಿ ಹಚ್ಚೋರು ಆಳುಗಳು, ಆಕಿ ನೋಡಿದ್ದು ಬರೇ ಟ್ರ್ಯಾಕ್ಟರ್. ನನ್ನ ಬೆರಳ ಗಂಟು ತಾವ ನೋಯಾಕತ್ತಿದ್ವು, ಅವ್ವನ ಖುರಪಿ ಹಿಡಿ ಬಿದ್ದಂಗ. ಹೂಳಾಕತ್ತೀಯೋ ಹಚ್ಚಾಕತ್ತೀಯೋ ಅಂತ ಕೇಳಾಕ ಬಾಯಿ ತೆಗದೆ.

ಹಂಗ ಮುಚ್ಚಿದೆ.

ಆಳಕ್ಕ ಹೋದ ಸಸಿ ಗಡ್ಡಿ ಕಟ್ಟಂಗಿಲ್ಲ, ಖರೆ. ಕುತ್ತಿಗಿ ಉದ್ದ ಬೆಳಸ್ತದ. ಬೆಳ್ಳನ್ನ ಉದ್ದ ಕುತ್ತಿಗಿ, ಮ್ಯಾಲ ದಪ್ಪ ತಪ್ಲ. ಭಜ್ಜಿಗಿ ಅದರಕಿಂತ ಚಲೋದು ಯಾವುದದ? ನಾ ಇಷ್ಟು ವರ್ಷ ಗಡ್ಡಿಗಂತ ಹಚ್ಚಿದೆ, ಓಣಿ ತಪ್ಲ ಒಯ್ತು. ಹೆಗಲು ಮ್ಯಾಲಿಟ್ಟು ಹಚ್ಚೋದು ಕಲಿಸಿದ ಅವ್ವಗ ನೆಲೋಗಿ ಗೊತ್ತಿರಲಿಲ್ಲ. ಗೊತ್ತಿದ್ದ ನನಗ ತಲ್ಯಾಗ ಬರಲಿಲ್ಲ. ಏನೂ ಗೊತ್ತಿಲ್ಲದ ಇಕಿ ಬರೋಬರಿ ಹಚ್ಚಾಕತ್ತಾಳ. ಇದನ್ನ ಆಕಿಗಿ ಹೇಳಿಲ್ಲ. ಹೇಳಿದ್ರ ಮತ್ತ ಗೆದ್ದೆ ಅಂತಾಳ. ಆ ಚೀಲ ಮೊಳಿಗಿ ಜೋತಾಡ್ಲಿ ಬಿಡ್ರಿ, ತಪ್ಲ ತುಂಬಿದ್ರ ಜಾಳಿಗಿ ತೂತಿನ್ಯಾಗಿಂದ ಹೊರಗ ಬರ್ತದ.

ಒಂದು ಸಾಲು ಮುಗಿಸಿ ತಿರುಗಿ ನೋಡಿದಳು. "ಇಷ್ಟು ಆಳ ಸಾಕೇನ್ರಿ ಅತ್ತೀ?"

"ಬರೋಬರಿ ಅದ" ಅಂದೆ.

ಆಕಿ ಈ ಮನೀಗಿ ಬಂದ ಮ್ಯಾಲ ನನ್ನ ಬಾಯಾಗ ಈ ಮಾತು ಒಮ್ಮೆನೂ ಕೇಳಿರಲಿಲ್ಲ. ಬಗ್ಗಿ, ಅನುಮಾನದಿಂದ, ಹಚ್ಚಿದ ಸಸಿ ಒಂದನ್ನ ಮತ್ತ ಕಿತ್ತು ನೋಡಿದಳು.